ಹಾಕಿ ಪೈಪೋಟಿ ಪಂದ್ಯದಲ್ಲಿ ಹಿರಿಯ ಸೆಂಟರ್ ಹಾಫ್‌ನ ಶಿಸ್ತು: ನೋಡುವುದು ಹೇಗೆ, ಬರೆದುಕೊಳ್ಳುವುದು ಹೇಗೆ, ವಾದಿಸುವುದು ಹೇಗೆ

ಪಂದ್ಯ ಮುಗಿದ ಮೇಲೆ ಮೈದಾನದ ಆಚೆಯ ಕಾಫಿ ಅಂಗಡಿ ಮುಂದೆ ಎರಡು ಗುಂಪು ನಿಲ್ಲುತ್ತವೆ. ಮಾತೆಲ್ಲ ತಂಡದ ಹಿರಿಯ ಸೆಂಟರ್ ಹಾಫ್ ಬಗ್ಗೆ, ಅಂದರೆ ಮೈದಾನದ ನಡುವೆ ಆಡುವವರ ಬಗ್ಗೆ. ‘ಆ ಹಳದಿ ಕಾರ್ಡ್ ಬೀಳದಿದ್ದರೆ ಗೆದ್ದುಬಿಡ್ತಿದ್ದೆವು. ಇಷ್ಟು ವರ್ಷ ಆಡಿದವರಿಗೆ ಅಷ್ಟು ತಾಳ್ಮೆ ಬೇಡ್ವಾ?’ ಅನ್ನುವುದು ಒಂದು ಗುಂಪು. ‘ಅವರಿಲ್ಲದಿದ್ದರೆ ಈ ಸುತ್ತಿನ ತನಕ ಬರ್ತಾನೇ ಇರಲಿಲ್ಲ’ ಅನ್ನುವುದು ಇನ್ನೊಂದು. ಎರಡೂ ಮಾತು ನಿಜವಿರಬಹುದು. ಆದರೆ ಅವರು ಹೊರಗೆ ಕೂತ ಹೊತ್ತಿನಲ್ಲಿ ಎದುರಾಳಿ ಎಷ್ಟು ಸಲ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಬಂದರು, ಕಾರ್ಡ್ ಬೀಳುವ ಮೊದಲು ಅವರು ಎಷ್ಟು ನಿಮಿಷ ಬಿಡುವಿಲ್ಲದೆ ಓಡಿದ್ದರು ಎಂದು ಕೇಳಿ ನೋಡಿ. ಎರಡು ಗುಂಪಿನಲ್ಲೂ ಉತ್ತರ ಸಿಗುವುದಿಲ್ಲ. ಉತ್ತರ ಇಟ್ಟುಕೊಂಡು ವಾದಿಸಬೇಕು ಅನ್ನುವವರಿಗಾಗಿ ಇದು.

ಕೊಡಗಿನಲ್ಲಿ ಈ ವಾದಕ್ಕೆ ತೂಕ ಜಾಸ್ತಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಒಕ್ಕಗಳ (ಮನೆತನಗಳ) ನಡುವೆ ಹಾಕಿ ನಮ್ಮೆ (ಹಬ್ಬ) ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳು ಆಡಿದವು. ಜೆರ್ಸಿಯ ಮೇಲೆ ಮನೆಪೆಸರು ಇರುವಾಗ ಕಾರ್ಡ್ ಒಬ್ಬ ಆಟಗಾರನಿಗೆ ಬಿದ್ದ ಹಾಗೆ ಆಗುವುದಿಲ್ಲ, ಐನ್‌ಮನೆಗೇ (ಮನೆತನದ ಮೂಲಮನೆಗೇ) ಬಿದ್ದ ಹಾಗೆ ಆಗುತ್ತದೆ. ಜೊತೆಗೆ ಇದು ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥ ಭಾರತ ತಂಡದ ನಾಯಕರನ್ನು ಕೊಟ್ಟ ನೆಲ. ನೀವು ಕೂತ ಸಾಲಿನ ಹಿಂದೆಯೇ ರಾಜ್ಯಕ್ಕೋ ದೇಶಕ್ಕೋ ಆಡಿದವರು ಕೂತಿರುತ್ತಾರೆ. ಅವರೆದುರು ‘ನನಗೆ ಹಾಗನ್ನಿಸ್ತು’ ಎಂದರೆ ಸಾಲದು.

ಮೊದಲು ಸಂಬಂಧ ಹೇಳಿ

ಪಕ್ಕದ ಊರಿನ ಎರಡು ಒಕ್ಕಗಳ ಪಂದ್ಯವೆಂದರೆ ನೋಡುವವರಲ್ಲಿ ಹೊರಗಿನವರು ಸಿಗುವುದೇ ಕಷ್ಟ. ತಾಯಿಯ ತವರು ಒಂದು ಕಡೆ, ಹೆಂಡತಿಯ ತವರು ಇನ್ನೊಂದು ಕಡೆ. ಮದುವೆಯಾದ ಹೆಣ್ಣುಮಕ್ಕಳು ತವರಿನ ಪರವಾಗಿಯೂ ಗಂಡನ ಒಕ್ಕದ ಪರವಾಗಿಯೂ ಆಡಬಹುದಾದ್ದರಿಂದ ಮೈದಾನದ ಒಳಗೂ ಅದೇ ಕಥೆ. ಹಾಗಾಗಿ ವಾದಕ್ಕೆ ಕೂರುವ ಮೊದಲು ಪ್ರತಿಯೊಬ್ಬರೂ ತಮ್ಮ ಸಂಬಂಧವನ್ನು ಬಾಯಿಬಿಟ್ಟು ಹೇಳಲಿ: ‘ಇವರು ನನ್ನ ಅತ್ತೆ ಮಗ’, ‘ಆ ಗೋಲಿ ನನ್ನ ತಂಗಿಯ ಗಂಡ’. ಇದು ಮರ್ಯಾದೆಗಾಗಿ ಅಲ್ಲ. ಸಂಬಂಧ ಮುಚ್ಚಿಟ್ಟವರ ಮಾತನ್ನು ಐದು ನಿಮಿಷದ ಮೇಲೆ ಯಾರೂ ನಂಬುವುದಿಲ್ಲ. ಹೇಳಿದವರು ತಮ್ಮ ಕಡೆಯವರ ತಪ್ಪೊಂದನ್ನು ಒಪ್ಪಿದರೆ ಅದಕ್ಕೆ ದುಪ್ಪಟ್ಟು ಬೆಲೆ. ಸಾಧ್ಯವಾದರೆ ಎರಡು ಮನೆಗೂ ಸೇರದ ಒಬ್ಬರ ಕೈಗೆ ಪೆನ್ಸಿಲ್ ಕೊಡಿ.

ಹಾಳೆ, ಪೆನ್ಸಿಲ್, ಕೂರುವ ಜಾಗ

ಪೆನ್ಸಿಲ್ ಎಂದದ್ದಕ್ಕೆ ಕಾರಣವಿದೆ. ಪಂದ್ಯಗಳು ನಡೆಯುವುದು ಮಾರ್ಚ್ ಕೊನೆಯಿಂದ ಮೇ ತನಕ. ಕಾಫಿಗೆ ಬೇಕಾದ ಹೂಮಳೆ ಮಧ್ಯಾಹ್ನದ ಮೇಲೆ ಎಂದು ಬೇಕಾದರೂ ಸುರಿಯುತ್ತದೆ. ಒದ್ದೆ ಕಾಗದದ ಮೇಲೆ ಬಾಲ್ ಪೆನ್ ಜಾರುತ್ತದೆ, ಮೊದಲು ಬರೆದದ್ದೂ ಹರಡುತ್ತದೆ.

ಉದ್ದ ನೋಟ್‌ಬುಕ್ಕನ್ನು ಅಡ್ಡ ಹಿಡಿದು ಮೇಲ್ಭಾಗದಲ್ಲಿ ಮೈದಾನ ಬರೆಯಿರಿ. ಪೂರ್ಣ ಅಳತೆಯ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ನಡುಗೆರೆ ಮತ್ತು ಎರಡು 23 ಮೀಟರ್ ಗೆರೆಗಳು ಅದನ್ನು ಹೆಚ್ಚುಕಡಿಮೆ ಸಮನಾದ ನಾಲ್ಕು ಪಟ್ಟಿಗಳಾಗಿ ಮಾಡುತ್ತವೆ. ನೀವು ನೋಡುತ್ತಿರುವ ಆಟಗಾರನ ಸ್ವಂತ ಗೋಲಿನಿಂದ ಶುರುಮಾಡಿ 1, 2, 3, 4 ಎಂದು ಅಂಕಿ ಹಾಕಿ. ಅರ್ಧ ಆಟದಲ್ಲಿ ಕಡೆ ಬದಲಾದಾಗ ಅಂಕಿಯೂ ತಿರುಗುತ್ತದೆ. ಇದನ್ನು ಮರೆತು ದ್ವಿತೀಯಾರ್ಧದ ಲೆಕ್ಕವೆಲ್ಲ ಉಲ್ಟಾ ಆಗುವುದು ತುಂಬ ಸಾಮಾನ್ಯ. ಅರ್ಧ ವಿರಾಮದಲ್ಲಿ ಹೊಸ ಚಿತ್ರವನ್ನೇ ಬರೆದುಬಿಡಿ.

ಕೆಳಗೆ ಆರು ಕಾಲಂ: ಗಡಿಯಾರ, ಪಟ್ಟಿ, ಏನಾಯಿತು, ಯಾಕೆ, ಅಂಪೈರ್ ಕೊಟ್ಟದ್ದೇನು, ಅದರಿಂದ ಹೋದದ್ದೇನು. ಪಕ್ಕದಲ್ಲಿ ಒಂದು ಸಣ್ಣ ಕಾಲಂ ಬೆಂಚಿಗೆ. ಅವರು ಹೊರಗೆ ಬಂದ ನಿಮಿಷ, ಒಳಗೆ ಹೋದ ನಿಮಿಷ ಅಲ್ಲಿಗೆ. ಎಲ್ಲರೂ ಬಿಟ್ಟುಬಿಡುವುದು ಈ ಸಣ್ಣ ಕಾಲಂ ಅನ್ನೇ. ಕೊನೆಗೆ ವಾದ ತೀರ್ಮಾನವಾಗುವುದೂ ಹೆಚ್ಚಾಗಿ ಇದರಿಂದಲೇ.

ಇಬ್ಬರು ಕೂರಬೇಕು. ಒಬ್ಬರು ಚೆಂಡು ನೋಡುವವರು, ಇನ್ನೊಬ್ಬರು ಆ ಆಟಗಾರನನ್ನು ಬಿಟ್ಟು ಕಣ್ಣು ಕದಲಿಸದವರು. ಒಬ್ಬರೇ ಎರಡನ್ನೂ ಮಾಡಲು ಹೋದರೆ ಕಣ್ಣು ಚೆಂಡಿನ ಹಿಂದೆಯೇ ಹೋಗುತ್ತದೆ, ಸೀಟಿ ಊದಿದ ಮೇಲಷ್ಟೇ ಆಟಗಾರ ಕಾಣುತ್ತಾರೆ. ತಪ್ಪಿನ ಕಾರಣ ಇರುವುದು ಸೀಟಿಗೆ ಮೊದಲಿನ ಹತ್ತು ಸೆಕೆಂಡಿನಲ್ಲಿ. ಜಾಗ: ಗೋಲಿನ ಹಿಂದೆ ಬೇಡ, ಅಲ್ಲಿಂದ ದೂರ ತಿಳಿಯುವುದಿಲ್ಲ. ಉದ್ದಗೆರೆಯ ಬದಿಯಲ್ಲಿ, ನಡುಗೆರೆಗೂ 23 ಮೀಟರ್ ಗೆರೆಗೂ ಮಧ್ಯೆ, ಎರಡನೇ ಅರ್ಧದಲ್ಲಿ ಅವರು ರಕ್ಷಿಸುವ ಕಡೆಗೆ ಗ್ಯಾಲರಿಯ ಮೇಲಿನ ಸಾಲು.

ಆಟ ಶುರುವಾಗುವ ಮೊದಲು ಸಮಯ ನೋಡಿಕೊಳ್ಳುವವರ ಟೇಬಲ್ ಹತ್ತಿರ ಹೋಗಿ ಮೂರು ವಿಷಯ ಕೇಳಿಕೊಳ್ಳಿ: ಆಟ ಎಷ್ಟು ನಿಮಿಷ, ಎರಡು ಅರ್ಧವೋ ನಾಲ್ಕು ಕ್ವಾರ್ಟರೋ, ಕಾರ್ಡಿನ ಅಮಾನತು ಎಷ್ಟು ನಿಮಿಷ. ಅಂತರರಾಷ್ಟ್ರೀಯ ನಿಯಮ ಒಂದಿದ್ದರೂ ನೂರಾರು ತಂಡಗಳ ಕೂಟದಲ್ಲಿ ಆಯೋಜಕರು ಸಮಯವನ್ನು ತಮಗೆ ಬೇಕಾದಂತೆ ಹೊಂದಿಸಿಕೊಂಡಿರಬಹುದು. ಹಳೆಯ ವರ್ಷದ ನೆನಪಿನ ಮೇಲೆ ಹೋಗಬೇಡಿ.

ಕಾರ್ಡಿನ ಬೆಲೆ ನಿಮಿಷದಲ್ಲಿ

ಹಸಿರು ಕಾರ್ಡ್ ಬಿದ್ದರೆ ಆಟಗಾರ 2 ನಿಮಿಷ ಹೊರಗೆ. ಹಳದಿ ಕನಿಷ್ಠ 5 ನಿಮಿಷ, ಅಂಪೈರ್ ಹೆಚ್ಚು ಕೊಡಬಹುದು. ಮೈಮೇಲೆ ಬಿದ್ದು ಮಾಡಿದ ಒರಟು ತಪ್ಪಿಗೂ ಸಣ್ಣ ತಪ್ಪಿಗೂ ಹಳದಿಯ ಅವಧಿಯಲ್ಲಿ ಸ್ಪಷ್ಟ ವ್ಯತ್ಯಾಸ ಇರಬೇಕು ಎನ್ನುವುದು ನಿಯಮಪುಸ್ತಕದ ಸೂಚನೆ. ಕೆಂಪು ಬಿದ್ದರೆ ಆ ಪಂದ್ಯಕ್ಕೆ ಅವರು ಮುಗಿದರು. ಅಷ್ಟೂ ಹೊತ್ತು ತಂಡ ಒಬ್ಬರು ಕಡಿಮೆಯಾಗಿಯೇ ಆಡಬೇಕು, ಬದಲಿ ಇಳಿಸುವಂತಿಲ್ಲ. ಅಮಾನತಿನ ನಿಮಿಷ ಆಟದ ನಿಮಿಷ. ಅಂಪೈರ್ ಸಮಯ ನಿಲ್ಲಿಸಿದಾಗ ಅದೂ ನಿಲ್ಲುತ್ತದೆ. ಆದ್ದರಿಂದ ಫೋನಿನ ಸ್ಟಾಪ್‌ವಾಚನ್ನು ಕಾರ್ಡ್ ತೋರಿಸಿದ ಕೂಡಲೇ ಒತ್ತಿ ಸುಮ್ಮನಾಗಬೇಡಿ. ಆಟ ಮತ್ತೆ ಶುರುವಾದಾಗ ಒತ್ತಿ, ನಿಂತಾಗ ನಿಲ್ಲಿಸಿ. ‘ಆರು ನಿಮಿಷ ಆದ್ರೂ ಒಳಗೆ ಬಿಡಲಿಲ್ಲ’ ಎಂಬ ಗಲಾಟೆಗಳ ಮೂಲ ಬಹಳ ಸಲ ಇಷ್ಟೇ.

ಇನ್ನೊಂದು ಲೆಕ್ಕವನ್ನು ಮನಸ್ಸಿನಲ್ಲಿಡಿ. 60 ನಿಮಿಷದ ಆಟದಲ್ಲಿ 5 ನಿಮಿಷ ಎಂದರೆ ಹನ್ನೆರಡನೇ ಒಂದು ಪಾಲು. ಅದೇ 30 ನಿಮಿಷದ ಆಟವಾದರೆ ಆರನೇ ಒಂದು ಪಾಲು. ಕಾರ್ಡ್ ಅದೇ, ಬೆಲೆ ಎರಡರಷ್ಟು. ದೊಡ್ಡ ಪಂದ್ಯಗಳನ್ನು ಟಿವಿಯಲ್ಲಿ ನೋಡಿ ‘ಒಂದು ಹಳದಿ ಏನು ಮಹಾ’ ಎನ್ನುವವರಿಗೆ ಇದನ್ನು ತೋರಿಸಬೇಕು.

ಒಂದೇ ಪಂದ್ಯದಲ್ಲಿ ಒಬ್ಬರಿಗೆ ಬೇರೆ ಬೇರೆ ತಪ್ಪಿಗೆ ಎರಡು ಹಸಿರು ಬೀಳಬಹುದು. ಅದೇ ತಪ್ಪನ್ನು ಮತ್ತೆ ಮಾಡಿದರೆ ಮಾತ್ರ ಅದೇ ಕಾರ್ಡ್ ತೋರಿಸುವಂತಿಲ್ಲ, ಮೇಲಿನದಕ್ಕೆ ಹೋಗಬೇಕು. ಎರಡನೇ ಹಳದಿ ಬಿದ್ದರೆ ಅದರ ಅವಧಿ ಮೊದಲಿನದಕ್ಕಿಂತ ಗಣನೀಯವಾಗಿ ಹೆಚ್ಚಿರಬೇಕು. ಹಾಗಾಗಿ ‘ಏನಾಯಿತು’ ಕಾಲಂನಲ್ಲಿ ಬರೀ ‘ಹಸಿರು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಫ್ರೀ ಹಿಟ್‌ಗೆ 5 ಮೀಟರ್ ಬಿಡಲಿಲ್ಲ’, ‘ಸ್ಟಿಕ್ಕಿಗೆ ಸ್ಟಿಕ್ ಹೊಡೆದರು’ ಎಂದು ತಪ್ಪಿನ ಹೆಸರು ಬರೆಯಿರಿ. ಮೊದಲನೆಯದು ಮತ್ತೆ ಆದಾಗ ಹಳದಿ ಯಾಕೆ ಬಂತೆಂದು ಹಾಳೆಯೇ ಹೇಳುತ್ತದೆ.

ಅವರು ಹೊರಗಿದ್ದ ಅಷ್ಟೂ ಹೊತ್ತು ಚೆಂಡು ನೋಡುವವರು ಮೂರನ್ನು ಎಣಿಸಲಿ: ಎದುರಾಳಿ ನಿಮ್ಮ 23 ಮೀಟರ್ ದಾಟಿದ್ದು ಎಷ್ಟು ಸಲ, ಡಿ ಒಳಗೆ ಚೆಂಡು ಬಂದದ್ದು ಎಷ್ಟು ಸಲ, ಪೆನಾಲ್ಟಿ ಕಾರ್ನರ್ (ರಕ್ಷಕರ ತಪ್ಪಿಗೆ ಗೋಲ್ ಗೆರೆಯಿಂದ ಚೆಂಡು ತಳ್ಳಿ ಗೋಲಿಗೆ ಹೊಡೆಯುವ ಅವಕಾಶ) ಎಷ್ಟು. ಗೋಲನ್ನು ಮಾತ್ರ ಎಣಿಸಿದರೆ ಲೆಕ್ಕ ಕೆಡುತ್ತದೆ. ಗೋಲಿ ಮೂರು ಸಲ ಕಾಲು ಕೊಟ್ಟು ಉಳಿಸಿದ ಅಮಾನತನ್ನು ಹೀಗೆ ಎಣಿಸಿದವರು ‘ಏನೂ ನಷ್ಟವಾಗಲಿಲ್ಲ’ ಎನ್ನುತ್ತಾರೆ.

ಕಾರ್ಡ್ ಬೀಳದ ತಪ್ಪುಗಳು

ಪಟ್ಟಿ ಎಳೆದದ್ದು ಇದಕ್ಕಾಗಿ. ಎದುರಾಳಿ ಫ್ರೀ ಹಿಟ್ ಬೇಗ ತೆಗೆದುಕೊಳ್ಳದ ಹಾಗೆ ಚೆಂಡಿನ ಮೇಲೆ ನಿಲ್ಲುವುದು ಅನುಭವಸ್ಥರ ಹಳೆಯ ಅಭ್ಯಾಸ. ಇದನ್ನೇ 3ನೇ ಪಟ್ಟಿಯಲ್ಲಿ ಮಾಡಿದರೆ ಅಂಪೈರ್ ಚೆಂಡನ್ನು 10 ಮೀಟರ್ ತನಕ ಮುಂದೆ ಇಡಬಹುದು, ಕಾರ್ಡ್ ತೋರಿಸಿದರೂ ತೋರಿಸಬಹುದು. 1ನೇ ಪಟ್ಟಿಯಲ್ಲಿ, ಅಂದರೆ ಸ್ವಂತ 23 ಮೀಟರ್ ಒಳಗೆ, ಬೇಕೆಂದೇ ಮಾಡಿದ ತಪ್ಪಿಗೆ ಡಿ ಹೊರಗಾದರೂ ಪೆನಾಲ್ಟಿ ಕಾರ್ನರ್. ಡಿ ಒಳಗಾದರೆ ಬೇಕೆಂದು ಮಾಡದ ತಪ್ಪಿಗೂ ಕಾರ್ನರ್. ಗೋಲಾಗುವ ಹಾಗಿದ್ದ ಚೆಂಡನ್ನು ತಪ್ಪಿನಿಂದ ತಡೆದರೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲಿಯೊಬ್ಬರೇ ಎದುರಿರುವ ಹೊಡೆತ. ಆದ್ದರಿಂದ ‘ಐದು ಫೌಲ್ ಮಾಡಿದರು’ ಎಂಬ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ಐದೂ 4ನೇ ಪಟ್ಟಿಯಲ್ಲಾದರೆ ಅದು ಮೇಲೆ ಹೋಗಿ ಒತ್ತಡ ಹಾಕಿದ್ದರ ಗುರುತು. ಎರಡು 1ನೇ ಪಟ್ಟಿಯಲ್ಲಾದರೆ ಎರಡು ಕಾರ್ನರ್ ಕೈಯಾರೆ ಕೊಟ್ಟ ಹಾಗೆ.

ಗ್ಯಾಲರಿಯ ಕಣ್ಣಿಗೆ ಬೀಳದ ಇನ್ನೊಂದು ಇದೆ. ಕಾರ್ನರ್ ರಕ್ಷಣೆಗೆ ಗೋಲ್ ಗೆರೆಯ ಹಿಂದೆ ಗೋಲಿ ಸೇರಿ ಐದು ಮಂದಿ. ಚೆಂಡು ಒಳಗೆ ತಳ್ಳುವ ಮೊದಲೇ ಓಡಿ ಬಂದವರನ್ನು ಅಂಪೈರ್ ನಡುಗೆರೆ ಆಚೆಗೆ ಕಳಿಸುತ್ತಾರೆ. ಅವರ ಬದಲಿಗೆ ಇನ್ನೊಬ್ಬರು ಬರುವಂತಿಲ್ಲ, ನಾಲ್ವರೇ ನಿಲ್ಲಬೇಕು. ವೇಗ ಕಡಿಮೆಯಾದ ಹಿರಿಯ ರನ್ನರ್ (ಹೊಡೆಯುವವರತ್ತ ಮೊದಲು ಓಡುವ ರಕ್ಷಕ) ಅದನ್ನು ತುಂಬಿಕೊಳ್ಳಲು ಅರ್ಧ ಸೆಕೆಂಡ್ ಮೊದಲೇ ಹೊರಡುತ್ತಾರೆ. ಕಾರ್ಡ್ ಇಲ್ಲ, ಸ್ಕೋರ್‌ಬೋರ್ಡಿನಲ್ಲಿ ಗುರುತಿಲ್ಲ. ಆದರೆ ಒಳ್ಳೆಯ ಡ್ರ್ಯಾಗ್ ಫ್ಲಿಕ್ಕರ್ (ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವವರು) ಎದುರಿಗಿದ್ದಾಗ ಒಬ್ಬರು ಕಡಿಮೆ ಎಂದರೆ ಏನೆಂದು ರಘುನಾಥ್, ಲೆನ್ ಅಯ್ಯಪ್ಪ ಅವರ ಫ್ಲಿಕ್ ನೋಡಿದ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ದುಂಡಗೆ ಸುತ್ತು ಹಾಕಿ ಬರೆಯಿರಿ.

ದ, ಸಿ, ಲೆ

‘ಯಾಕೆ’ ಕಾಲಂಗೆ ಮೂರೇ ಅಕ್ಷರ. ದ ಎಂದರೆ ದಣಿವು, ಸಿ ಎಂದರೆ ಸಿಟ್ಟು, ಲೆ ಎಂದರೆ ಲೆಕ್ಕಾಚಾರ. ಹೊರಗಿನಿಂದ ನೋಡಿದರೆ ಮೂರೂ ಒಂದೇ ತಪ್ಪು, ಒಂದೇ ಕಾರ್ಡ್. ಒಳಗೆ ಮೂರೂ ಬೇರೆ, ಮೂರಕ್ಕೂ ಮದ್ದು ಬೇರೆ. ಗ್ಯಾಲರಿ ಮೂರನ್ನೂ ಸೇರಿಸಿ ‘ಶಿಸ್ತಿಲ್ಲ’ ಅನ್ನುತ್ತದೆ. ವಾದ ದಾರಿ ತಪ್ಪುವುದು ಇಲ್ಲೇ.

ದಣಿವಿನ ತಪ್ಪನ್ನು ಹತ್ತಿರದಿಂದ ನೋಡಿ. ಮೂರನೇ ಕ್ವಾರ್ಟರಿನ ಕೊನೆ. ಎದುರಾಳಿಯ ಇನ್‌ಸೈಡ್ (ಮುಂದೆ ನುಗ್ಗುವ ಆಟಗಾರ) ಚೆಂಡು ಹಿಡಿದು ನಡುವಿನಿಂದ ಬರುತ್ತಿದ್ದಾನೆ. ಸೆಂಟರ್ ಹಾಫ್ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದ್ದಾರೆ, ಅವರ ಓದು ತಪ್ಪಿಲ್ಲ. ಮೊದಲ ಕ್ವಾರ್ಟರಿನಲ್ಲಾದರೆ ಎರಡು ಸಣ್ಣ ಹೆಜ್ಜೆ ಹಿಂದಕ್ಕಿಟ್ಟು, ಮೊಣಕಾಲು ಬಗ್ಗಿಸಿ, ಎರಡೂ ಕೈಯಲ್ಲಿ ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಅವನನ್ನು ಬದಿಗೆ ತಳ್ಳುತ್ತಿದ್ದರು. ಈಗ ಆ ಎರಡು ಹೆಜ್ಜೆ ಬರುವುದಿಲ್ಲ. ಪಾದ ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತದೆ, ಸೊಂಟ ನೆಟ್ಟಗಾಗುತ್ತದೆ. ಅವನು ದಾಟಿ ಹೋಗುವಾಗ ಬಲಗೈ ಸ್ಟಿಕ್ ಬಿಡುತ್ತದೆ, ಎಡಗೈ ಒಂದೇ ಹಿಂದಿನಿಂದ ಚಾಚುತ್ತದೆ. ಒಣಗಿದ ಮಣ್ಣಿನ ಮೈದಾನದಲ್ಲಿ ಚೆಂಡು ಒಂದು ಬೆರಳು ಪುಟಿಯುತ್ತದೆ, ಸ್ಟಿಕ್ ಅದರ ಅಡಿಯಲ್ಲಿ ಹೋಗಿ ಕಣಕಾಲಿಗೆ ತಗಲುತ್ತದೆ. ಸೀಟಿ. ನೋಡಿದವರಿಗೆ ಹಿಂದಿನಿಂದ ಕಾಲಿಗೆ ಹೊಡೆದ ಹಾಗೆ. ಆದರೆ ಗುರುತುಗಳು ಬೇರೆ ಹೇಳುತ್ತವೆ: ನಿಂತ ಪಾದ, ಒಂದೇ ಕೈ, ನೆಟ್ಟಗಾದ ಸೊಂಟ. ಮೂರರಲ್ಲಿ ಎರಡು ಕಂಡರೆ ದ ಎಂದು ಬರೆಯಿರಿ. ಇಂಥ ಒಂದು ಕಂಡ ಮೇಲೆ ಮುಂದಿನ ಐದು ನಿಮಿಷದೊಳಗೆ ಅವರನ್ನು ಹೊರಗೆ ಕರೆಯದಿದ್ದರೆ ಎರಡನೆಯದು ಬರುವ ಸಂಭವ ಹೆಚ್ಚು. ಹಾಕಿಯಲ್ಲಿ ಬದಲಾವಣೆಗೆ ಮಿತಿಯಿಲ್ಲ. ಹೊರಬಂದವರು ಮತ್ತೆ ಒಳಗೆ ಹೋಗಬಹುದು. ಪೆನಾಲ್ಟಿ ಕಾರ್ನರ್ ಕೊಟ್ಟಾಗಿನಿಂದ ಅದು ಮುಗಿಯುವ ತನಕ ಮಾತ್ರ ಬದಲಿಸುವಂತಿಲ್ಲ. ಆದ್ದರಿಂದ ದ ಹೆಚ್ಚಿರುವ ಹಾಳೆ ಆಟಗಾರನಿಗಿಂತ ಬೆಂಚಿನ ಮೇಲೆ ಹೆಚ್ಚು ಬೆರಳು ತೋರಿಸುತ್ತದೆ.

ಸಿಟ್ಟಿನ ತಪ್ಪಿಗೆ ಹಿಂದಿನ ಹತ್ತು ಸೆಕೆಂಡ್ ನೋಡಬೇಕು. ಅವರಿಗೆ ಯಾರೋ ಸ್ಟಿಕ್ ಅಡ್ಡ ಕೊಟ್ಟರು, ಅಂಪೈರ್ ನೋಡಲಿಲ್ಲ. ಅಥವಾ ಅವರೇ ಚೆಂಡು ಕಳೆದುಕೊಂಡರು. ಕೂಡಲೇ ತಮ್ಮ ಜಾಗ ಬಿಟ್ಟು, ಚೆಂಡು ಎಲ್ಲೇ ಇರಲಿ, ಆ ಒಬ್ಬನ ಹಿಂದೆಯೇ ಓಡುತ್ತಾರೆ. ದಣಿದವರು ನಿಲ್ಲುತ್ತಾರೆ, ಸಿಟ್ಟಾದವರು ಓಡುತ್ತಾರೆ. ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಪೈಪೋಟಿ ಪಂದ್ಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಹಿಂದಿನ ವರ್ಷದ ಬಾಕಿ ತೀರಿಸಲು ಯಾರು ಯಾರನ್ನು ಕೆಣಕುತ್ತಾರೆಂದು ಎದುರು ತಂಡಕ್ಕೂ ಗೊತ್ತು. ಬೇಕೆಂದೇ ಒಬ್ಬ ಹುಡುಗನನ್ನು ಅವರ ಪಕ್ಕಕ್ಕೆ ಬಿಡುತ್ತಾರೆ. ಅಂಥ ಕೆಣಕನ್ನೂ ಹಾಳೆಯಲ್ಲಿ ಗುರುತು ಮಾಡಿ. ನಾಲ್ಕು ಸಲ ಕೆಣಕಿದರೂ ತಿರುಗಿ ನೋಡದೆ ಚೆಂಡು ಕೊಟ್ಟು ಜಾಗಕ್ಕೆ ಬಂದರೆ ಅದೇ ಶಿಸ್ತು. ಕಾರ್ಡ್ ಮಾತ್ರ ಎಣಿಸುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಲೆಕ್ಕಾಚಾರದ ತಪ್ಪು ತಿಳಿಯುವುದು ಮೈದಾನ ನೋಡಿದಾಗ. ಎದುರಾಳಿ ಚೆಂಡು ಹಿಡಿದು ನಡುಗೆರೆ ದಾಟುವಾಗ ಅವನ ಮುಂದೆ ಅವರ ಕಡೆಯವರು ಇಬ್ಬರು, ನಿಮ್ಮ ಫುಲ್‌ಬ್ಯಾಕ್ ಒಬ್ಬನೇ. ಸೆಂಟರ್ ಹಾಫ್ ಒಂದು ಕ್ಷಣ ತಲೆ ತಿರುಗಿಸಿ ಹಿಂದೆ ನೋಡುತ್ತಾರೆ, ಆಮೇಲೆ ಸ್ಟಿಕ್ ಅಡ್ಡ ಹಾಕುತ್ತಾರೆ. ಆ ತಲೆ ತಿರುಗಿಸಿದ್ದೇ ಗುರುತು. 2 ನಿಮಿಷ ಕೊಟ್ಟು ಗೋಲು ಉಳಿಸಿಕೊಂಡರೆ ಬೆಲೆ ಸರಿ ಎನ್ನುವವರಿದ್ದಾರೆ. ಆಟದ ಮರ್ಯಾದೆಗೆ ಇದು ಸಲ್ಲದು ಎನ್ನುವವರೂ ಇದ್ದಾರೆ. ನಿಯಮದ ದೃಷ್ಟಿಯಲ್ಲಿ ಬೇಕೆಂದು ಮಾಡಿದ ತಪ್ಪು ಬೇಕೆಂದು ಮಾಡಿದ ತಪ್ಪೇ. ಅಂಪೈರ್ ಹಸಿರಿನ ಬದಲು ಹಳದಿ ಎತ್ತಿದರೆ ದೂರುವ ಹಾಗಿಲ್ಲ. ಮಕ್ಕಳು ಪಕ್ಕದಲ್ಲಿ ಕೂತು ನೋಡುವ ಒಕ್ಕದ ಆಟದಲ್ಲಿ ಇದನ್ನು ಜಾಣತನ ಎಂದು ಹೊಗಳುವುದು ತಪ್ಪು. ಈ ಕೈಪಿಡಿಯ ಪಕ್ಷ ಅದು.

ಅನುಮಾನ ಬಂದರೆ ಅಕ್ಷರ ಬರೆಯದೆ ಖಾಲಿ ಬಿಡಿ. ಊಹಿಸಿ ತುಂಬಿದ ಒಂದು ಅಕ್ಷರ ಸಿಕ್ಕಿಬಿದ್ದರೆ ಇಡೀ ಹಾಳೆಯ ಮೇಲೆ ನಂಬಿಕೆ ಹೋಗುತ್ತದೆ.

ಚೆಂಡಿನ ಶಿಸ್ತು, ಜಾಗದ ಶಿಸ್ತು

ಸೆಂಟರ್ ಹಾಫ್ ತಂಡದ ಬೆನ್ನುಮೂಳೆ. ಚೆಂಡು ಅವರ ಸ್ಟಿಕ್ಕಿಗೆ ಬಂದಾಗ ಆಯ್ಕೆ ಮಾಡುವುದೇ ಅವರ ಕೆಲಸ. ಶಿಸ್ತಿನ ದೊಡ್ಡ ಪಾಲು ಸೀಟಿಯೇ ಊದದ ಈ ಆಯ್ಕೆಗಳಲ್ಲಿದೆ. 1 ಮತ್ತು 2ನೇ ಪಟ್ಟಿಯಲ್ಲಿ ನಡುವೆ ಕಳೆದುಕೊಂಡ ಪ್ರತಿ ಚೆಂಡಿಗೆ ಒಂದು ಗೆರೆ. ಬದಿಗೆ, ಉದ್ದಗೆರೆಯ ಹತ್ತಿರ ಕಳೆದುಕೊಂಡದ್ದಕ್ಕೆ ಸೊನ್ನೆ ಸಾಕು, ಅದರಿಂದ ಕೂಡಲೇ ಅಪಾಯ ಬರುವುದಿಲ್ಲ. 4ನೇ ಪಟ್ಟಿಯಲ್ಲಿ ಕಷ್ಟದ ಪಾಸ್ ಹಾಕಿ ಕಳೆದುಕೊಂಡದ್ದನ್ನು ಎಣಿಸಲೇಬೇಡಿ. ಅಲ್ಲಿ ಧೈರ್ಯ ಮಾಡುವುದೇ ಅವರ ಕೆಲಸ.

ಅನುಭವಸ್ಥರ ಒಂದು ದೌರ್ಬಲ್ಯ ನೋಡಿಕೊಳ್ಳಿ: ತಂಡ ಹಿಂದೆ ಬಿದ್ದಾಗ ‘ನಾನೇ ಸರಿಮಾಡ್ತೇನೆ’ ಎಂದು ಚೆಂಡನ್ನು ಹೆಚ್ಚು ಹೊತ್ತು ಹಿಡಿಯುವುದು. ಮೊದಲ ಅರ್ಧದಲ್ಲಿ ಎರಡು ಮುಟ್ಟಿಗೆ ಬಿಡುತ್ತಿದ್ದ ಚೆಂಡನ್ನು ಈಗ ಐದಾರು ಮುಟ್ಟು ಇಟ್ಟುಕೊಳ್ಳುತ್ತಾರೆ. ಮುಟ್ಟು ಎಣಿಸುವುದು ಕಷ್ಟವಲ್ಲ, ಆಟಗಾರನನ್ನು ನೋಡುವವರು ಬಾಯಲ್ಲಿ ಹೇಳುತ್ತ ಹೋದರೆ ಸಾಕು. ಎರಡು ಅರ್ಧದ ವ್ಯತ್ಯಾಸವೇ ಕಥೆ ಹೇಳುತ್ತದೆ.

ಜಾಗಕ್ಕೆ ಇದಕ್ಕಿಂತ ಸುಲಭ ವಿಧಾನ ಇದೆ. ಚೆಂಡು ಕೊಟ್ಟ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ ಅವರನ್ನು ನೋಡಿ. ತಮ್ಮ ಡಿಗೂ ಚೆಂಡಿಗೂ ನಡುವೆ ಬಂದಿದ್ದಾರಾ, ಇಲ್ಲ ಮೇಲೆಯೇ ನಿಂತಿದ್ದಾರಾ? ಹತ್ತು ಸಲ ನೋಡಿ ಎಷ್ಟು ಸಲ ಬಂದರು ಎಂದು ಬರೆಯಿರಿ, ಅಷ್ಟೇ.

ಬಾಯಿ ಮತ್ತು ತೋಳುಪಟ್ಟಿ

ಅಂಪೈರ್ ಜೊತೆ ಮಾತು, ಕೈ ಎತ್ತಿ ತೋರಿಸುವುದು, ಸ್ಟಿಕ್ ನೆಲಕ್ಕೆ ಬಡಿಯುವುದು ಎಲ್ಲಕ್ಕೂ ಒಂದೊಂದು ಗೆರೆ. ತೋಳಿಗೆ ನಾಯಕನ ಪಟ್ಟಿ ಇದ್ದರೆ ಅವರು ತಂಡದ ಎಲ್ಲರ ವರ್ತನೆಗೂ ನಿಯಮದ ಪ್ರಕಾರ ಜವಾಬ್ದಾರರು. ಹುಡುಗರು ಅಂಪೈರನ್ನು ಸುತ್ತುವರಿದಾಗ ಅವರನ್ನು ಹಿಂದಕ್ಕೆ ಎಳೆದರಾ, ತಾವೇ ಮುಂದೆ ಹೋದರಾ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಎಲ್ಲದಕ್ಕಿಂತ ಮುಖ್ಯವಾದ ಇನ್ನೊಂದು: ಬೆಂಚಿನಿಂದ ಕರೆದಾಗ ಬಂದರಾ? ಮೊದಲ ಕರೆಗೇ ಬಂದರೆ ಸರಿ. ‘ಇನ್ನೊಂದು ನಿಮಿಷ’ ಎಂದು ಕೈ ಮಾಡಿದರೆ ನಿಮಿಷ ಸಮೇತ ಬರೆಯಿರಿ. ದಣಿವಿನ ತಪ್ಪು ಬೆಂಚಿನದ್ದು ಎಂದೆವಲ್ಲ, ಈ ಕೈಸನ್ನೆ ಇದ್ದರೆ ಅದು ಬೆಂಚಿನದ್ದಾಗಿ ಉಳಿಯುವುದಿಲ್ಲ.

ಮೊಬೈಲ್ ವಿಡಿಯೊ ಎಷ್ಟು ನಂಬಬಹುದು

ವಾಟ್ಸಾಪ್‌ನಲ್ಲಿ ಹತ್ತು ಸೆಕೆಂಡಿನ ವಿಡಿಯೊ ಬಂದ ಕೂಡಲೇ ವಾದ ಮುಗಿಯಿತು ಅನ್ನಿಸುತ್ತದೆ. ಮುಗಿಯುವುದಿಲ್ಲ. ಸಾಮಾನ್ಯ ಫೋನ್ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ 28 ಮೀಟರ್ ಹತ್ತಿರ ಹೋಗುತ್ತದೆ, ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 90 ಸೆಂಟಿಮೀಟರ್. ಸ್ಟಿಕ್ಕಿನ ತುದಿ ಸೆಕೆಂಡಿಗೆ 10 ಮೀಟರ್ ಬೀಸಿದರೂ ಚಿತ್ರಗಳ ನಡುವೆ 33 ಸೆಂಟಿಮೀಟರ್. ಮೊದಲು ಚೆಂಡಿಗೆ ತಗಲಿತೋ ಕಾಲಿಗೋ ಎಂಬುದು ಆ ಸಂದಿನಲ್ಲೇ ಮಾಯವಾಗಿರಬಹುದು. ಕೆಳಗಿನ ಸಾಲಿನಿಂದ ತೆಗೆದ ವಿಡಿಯೊದಲ್ಲಿ ದೂರವೂ ಕುಗ್ಗಿ ಕಾಣುತ್ತದೆ, 5 ಮೀಟರ್ ಮೂರೇ ಮೀಟರ್ ಅನ್ನಿಸುತ್ತದೆ. ಡಿ ಹತ್ತಿರದ ಘಟನೆಯಾದರೆ ಡಿ ಗೆರೆಯಿಂದ 5 ಮೀಟರ್ ಹೊರಗೆ ಚುಕ್ಕಿಗೆರೆ ಇರುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಸ್ಥಳೀಯ ಮೈದಾನದಲ್ಲಿ ಚುಕ್ಕಿಗೆರೆ ಹಾಕಿಲ್ಲದಿದ್ದರೆ ಗೋಲನ್ನು ನೋಡಿ: ಅದರ ಅಗಲ 3.66 ಮೀಟರ್, 5 ಮೀಟರ್ ಎಂದರೆ ಅದರ ಒಂದೂಕಾಲು ಪಾಲಿಗಿಂತ ತುಸು ಹೆಚ್ಚು. ವಿಡಿಯೊದಿಂದ ನಂಬಿಕೆಯಾಗಿ ಸಿಗುವುದು ತಪ್ಪಿಗೆ ಮೊದಲಿನ ಓಟ, ಪಾದದ ಸ್ಥಿತಿ, ಒಂದು ಕೈಯೋ ಎರಡೋ ಎಂಬುದು. ದ, ಸಿ, ಲೆ ತೀರ್ಮಾನಕ್ಕೆ ಅಷ್ಟು ಸಾಕು.

ವಾದಕ್ಕೆ ಕೂತಾಗ

ಒಂದು ಹಾಳೆ ಹೇಗಿರುತ್ತದೆಂದು ತೋರಿಸಲು ಒಂದು ಮಾದರಿ. ಆಟ 15 ನಿಮಿಷದ ನಾಲ್ಕು ಕ್ವಾರ್ಟರ್ ಎಂದುಕೊಳ್ಳಿ.

ಎರಡನೇ ಕ್ವಾರ್ಟರ್, 6ನೇ ನಿಮಿಷ, 3ನೇ ಪಟ್ಟಿ: ಫ್ರೀ ಹಿಟ್ ಬಿಡದೆ ನಿಂತರು, ಲೆ, ಹಸಿರು. ಹೊರಗಿದ್ದ 2 ನಿಮಿಷದಲ್ಲಿ ಎದುರಾಳಿ 23 ದಾಟಿದ್ದು ಒಂದು ಸಲ, ಡಿ ಒಳಗೆ ಇಲ್ಲ.
ಮೂರನೇ ಕ್ವಾರ್ಟರ್, 13ನೇ ನಿಮಿಷ, 2ನೇ ಪಟ್ಟಿ: ಒಂದು ಕೈ ಟ್ಯಾಕಲ್, ದ, ಫ್ರೀ ಹಿಟ್ ಮಾತ್ರ.
ನಾಲ್ಕನೇ ಕ್ವಾರ್ಟರ್, 4ನೇ ನಿಮಿಷ, 2ನೇ ಪಟ್ಟಿ: ಹಿಂದಿನಿಂದ ಒಂದು ಕೈ, ಕಾಲಿಗೆ ತಗಲಿತು, ದ, ಹಳದಿ 5 ನಿಮಿಷ. ಡಿ ಒಳಗೆ ಮೂರು ಸಲ, ಕಾರ್ನರ್ ಎರಡು, ಗೋಲು ಒಂದು.
ಬೆಂಚಿನ ಕಾಲಂ: ಎರಡನೇ ಕ್ವಾರ್ಟರಿನ 8ನೇ ನಿಮಿಷಕ್ಕೆ ಕಾರ್ಡ್ ಮುಗಿಸಿ ಒಳಗೆ ಹೋದ ಮೇಲೆ ಬದಲಿ ಇಲ್ಲ.

ಕೂಡಿಸಿ ನೋಡಿ. 7, ಮತ್ತೆ 15, ಮತ್ತೆ 4, ಒಟ್ಟು 26 ಆಟದ ನಿಮಿಷ ಒಂದೇ ಸಮನೆ. ವಿರಾಮಗಳನ್ನು ಬಿಟ್ಟರೆ ಹಳದಿ ಬೀಳುವ ತನಕ ಅವರು ಕೂತದ್ದು ಹಸಿರು ಕಾರ್ಡಿನ 2 ನಿಮಿಷ ಮಾತ್ರ. ಈಗ ಮಾತು ಹೀಗೆ ಹೋಗುತ್ತದೆ:

‘ಮಾವ, ಕಾರ್ಡ್ ಬಿದ್ದದ್ದು ಹೌದು, ಗೋಲು ಬಿದ್ದದ್ದೂ ಹೌದು. ಆದರೆ ಮೂರನೇ ಕ್ವಾರ್ಟರಿನಲ್ಲೇ ಕಾಲು ನಿಂತದ್ದು ಕಂಡಿತ್ತಲ್ಲ. ಅಲ್ಲಿಂದ 6 ನಿಮಿಷ ಯಾರೂ ಕರೀಲಿಲ್ಲ.’

‘ಕರೆದಿದ್ದರೆ ಬರ್ತಿದ್ದರಾ ಅಂತ ಕೇಳು ಮಗ.’

‘ಕರೆದದ್ದೇ ಹಾಳೆಯಲ್ಲಿ ಇಲ್ಲ. ಕರೆದು ಬಾರದಿದ್ದರೆ ನಾನೇ ನಿಮ್ಮ ಕಡೆ ಬರ್ತೇನೆ.’

‘ಹಾಗಾದ್ರೆ ಆ ಹಸಿರು? ಅದೂ ದಣಿವಾ?’

‘ಇಲ್ಲ, ಅದು ಬೇಕೂಂತ ಮಾಡಿದ್ದು. ಅದನ್ನು ಒಪ್ಪಿದೆ.’

ಒಪ್ಪಬೇಕಾದ್ದನ್ನು ಒಪ್ಪಿದ್ದರಿಂದ ಉಳಿದದ್ದು ನಿಂತಿತು. ಮಾತಿನ ಸರದಿ ಹೀಗೇ ಇರಲಿ: ಮೊದಲು ಏನಾಯಿತು, ಆಮೇಲೆ ಅದರಿಂದ ಹೋದದ್ದೇನು, ಆಮೇಲೆ ಯಾಕೆ. ಅಂಪೈರ್ ಸರಿಯೋ ತಪ್ಪೋ ಎಂಬುದು ಕೊನೆಗೆ. ಅದರಿಂದ ಶುರು ಮಾಡಿದರೆ ಉಳಿದ ಮೂರಕ್ಕೆ ಸಮಯವೇ ಸಿಗುವುದಿಲ್ಲ. ಹಿಂದಿನ ವರ್ಷಗಳ ಕಥೆ ತಂದವರಿಗೆ ಆ ವರ್ಷದ ಹಾಳೆ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ಕಥೆಯನ್ನು ಕೇಳಿ ಸಂತೋಷಪಡಿ, ಲೆಕ್ಕಕ್ಕೆ ಸೇರಿಸಬೇಡಿ.

ಒಕ್ಕದ ತಂಡದಲ್ಲಿ ವಯಸ್ಸಾದವರನ್ನು ಗೌರವಕ್ಕೆಂದು ಕೆಲವು ನಿಮಿಷ ಇಳಿಸುವುದುಂಟು. ಅದು ನಮ್ಮೆಯ ಚೆಲುವು, ಆ ನಿಮಿಷಗಳಿಗೆ ಈ ಲೆಕ್ಕ ಹಾಕುವುದು ಬೇಡ. ತಂಡ ಗೆಲ್ಲಲೆಂದು ಸೆಂಟರ್ ಹಾಫ್ ಜಾಗದಲ್ಲಿ ಪೂರ್ತಿ ಆಡಿಸಿದವರಿಗೆ ಮಾತ್ರ ಹಾಳೆ.

ಮುಗಿದ ಹಾಳೆಯನ್ನು ಫೋಟೊ ತೆಗೆದು ಗುಂಪಿಗೆ ಹಾಕಬೇಡಿ. ಮನೆಪೆಸರು ಮತ್ತು ತಪ್ಪಿನ ಪಟ್ಟಿ ಒಟ್ಟಿಗೆ ಊರೂರು ತಿರುಗಿದರೆ ಅದನ್ನು ಹಿಂದಕ್ಕೆ ಕರೆಯಲು ಆಗುವುದಿಲ್ಲ. ಮೇಲೆ ದಿನಾಂಕ, ಮೈದಾನ, ಆಟದ ಅವಧಿ, ಮಳೆ ಬಂದಿತ್ತೋ ಇಲ್ಲವೋ ಎಂದು ಬರೆದು, ಬೆಂಚಿನ ಕಾಲಂಗೆ ಒಂದು ಸುತ್ತು ಹಾಕಿ, ಮುಂದಿನ ಪಂದ್ಯದ ಹಿಂದಿನ ಸಂಜೆ ತಂಡ ನೋಡಿಕೊಳ್ಳುವವರ ಕೈಗೆ ಕೊಡಿ. ಸೋತ ದಿನ ರಾತ್ರಿ ಮಾತ್ರ ಕೊಡಬೇಡಿ.